ನಾಲ್ಕೂರಂಗಡಿಯ ಜಗಳೂರಿನವರು

ನಮ್ಮ ಅಂಗಡಿಯ ಬೋರ್ಡಿನ ಮೇಲೆ ಮಾಲೀಕರ ತಂದೆಯ ಹೆಸರಿತ್ತು. ಆ ಹೆಸರಿನಿಂದ ಅದನ್ನು ಕರೆದವರನ್ನು ನಾನು ಕಾಣೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಹೀಗೆ ನಾಲ್ಕು ಊರಲ್ಲಿ ಒಂದೇ ಬಣ್ಣದ ಬಾಗಿಲು, ಒಂದೇ ಅಕ್ಷರದ ಬೋರ್ಡು. ಆದ್ದರಿಂದ ಜನರ ಬಾಯಲ್ಲಿ ಅದು ನಾಲ್ಕೂರಂಗಡಿ. ಮಂಚ, ಕುರ್ಚಿ, ಮೇಜು, ಬೆಂಚು, ಬಾಗಿಲಿನ ಚಿಲಕ, ಮೊಳೆ, ಬಣ್ಣದ ಡಬ್ಬ, ಸುಣ್ಣ ಬಳಿಯುವ ಬ್ರಷ್ಷು, ಮನೆ ಕಟ್ಟುವವರಿಗೂ ಮನೆ ತುಂಬಿಸುವವರಿಗೂ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಚನ್ನಗಿರಿಯಲ್ಲಿ ಕೊಂಡ ಕುರ್ಚಿಯ ಕಾಲು ಸಡಿಲವಾದರೆ ಜಗಳೂರಿನಲ್ಲಿ ಕೊಟ್ಟು ಸರಿ ಮಾಡಿಸಿಕೊಳ್ಳಬಹುದು ಎಂಬುದು ನಮ್ಮ ಅಂಗಡಿಯ ಮಾತು. ಎಪ್ಪತ್ತರ ದಶಕದಲ್ಲಿ ಆ ಸೀಮೆಯಲ್ಲಿ ಅಂಥ ಮಾತನ್ನು ಬೇರೆ ಯಾರೂ ಕೊಡುತ್ತಿರಲಿಲ್ಲ.

ಅಂಗಡಿಯಲ್ಲಿ ನಮಗ್ಯಾರಿಗೂ ಹೆಸರಿರಲಿಲ್ಲ. ಯಾವ ಊರಿನ ಅಂಗಡಿ ನೋಡಿಕೊಳ್ಳುತ್ತಿದ್ದೆವೋ ಆ ಊರೇ ಹೆಸರು. ಹೊನ್ನಾಳಿಯ ಗೋಡೌನು ನನ್ನ ಸುಪರ್ದಿಯಲ್ಲಿದ್ದುದರಿಂದ ನಾನು ‘ಹೊನ್ನಾಳಿಯೋರು’. ಅವರು ‘ಜಗಳೂರೋರು’. ಹನ್ನೆರಡು ವರ್ಷ ಒಟ್ಟಿಗೆ ದುಡಿದರೂ ನಾನು ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಇಲ್ಲಿಯೂ ಕರೆಯುವುದಿಲ್ಲ.

ಜಗಳೂರಿನವರು ಹೋದ ತಿಂಗಳು ತೀರಿಕೊಂಡರು. ಸುದ್ದಿ ನನಗೆ ಗೊತ್ತಾಗುವ ಹೊತ್ತಿಗೆ ಮಣ್ಣಾಗಿ ಒಂಬತ್ತು ದಿನ ಕಳೆದಿತ್ತು.

ಉದ್ದನೆಯ ಆಳು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಮೈಮೇಲಿನ ಖಾಕಿ ಕೋಟಿನ ಎರಡೂ ಜೇಬು ಸದಾ ಉಬ್ಬಿಕೊಂಡಿರುತ್ತಿದ್ದವು. ಹೊಸಬರು ಒಳಗೆ ಏನೋ ತಿಂಡಿ ಇರಬೇಕೆಂದುಕೊಳ್ಳುತ್ತಿದ್ದರು. ಇದ್ದದ್ದು ಮರದ ತೆಳು ಚಕ್ಕೆಗಳು. ತೇಗದ್ದು, ಮತ್ತಿಯದ್ದು, ಬೇವಿನದ್ದು, ಒಂದಕ್ಕಿಂತ ಒಂದು ತೆಳ್ಳಗೆ. ಎಲ್ಲಿ ಮೇಜು ಅಲುಗಿದರೂ ಬಗ್ಗಿ ಗಿಡ್ಡ ಕಾಲಿನ ಕೆಳಗೆ ಒಂದನ್ನು ತೂರಿಸುವರು. ಮದುವೆಮನೆಯ ಊಟದ ಬೆಂಚು, ಕಚೇರಿಯ ಗುಮಾಸ್ತರ ಮೇಜು, ಹೋಟೆಲಿನ ಗಲ್ಲಾ, ಯಾವುದನ್ನೂ ಬಿಟ್ಟವರಲ್ಲ. ಒಮ್ಮೆ ಸಾಸ್ವೆಹಳ್ಳಿಯಲ್ಲಿ ನಮ್ಮ ಗಿರಾಕಿಯೊಬ್ಬರ ಮಗಳ ಮದುವೆಗೆ ಹೋಗಿದ್ದೆವು. ಎಲೆಯ ಮುಂದೆ ಕೂತಿದ್ದ ಇವರು ಎದ್ದು ಬೆಂಚಿನ ಕೆಳಗೆ ನುಸುಳಿದರು. ಬಡಿಸುವವನು ಪಾಯಸದ ಬಕೆಟ್ಟು ಹಿಡಿದುಕೊಂಡು ಇವರನ್ನು ಹುಡುಕುತ್ತಿದ್ದ. ನನಗೆ ನಾಚಿಕೆಯಾಯಿತು.

“ಉಣ್ಣಾಕೆ ಬಂದೀರೋ ಕೆಲಸಕ್ಕೆ ಬಂದೀರೋ?” ಎಂದೆ.

“ಬೆಂಚು ಅಲುಗಿದ್ರೆ ಉಂಡಿದ್ದು ಮೈಗೆ ಹತ್ತಾಕಿಲ್ರೀ,” ಎಂದು ಎಲೆಯ ಮುಂದೆ ಕೂತರು.

ಅವರದೊಂದು ಮಾತಿತ್ತು. “ಮೂರು ಕಾಲಿಂದು ಎಲ್ಲಿಟ್ರೂ ನಿಲ್ತದೆ. ನಾಕನೇ ಕಾಲು ಐತಲ್ಲ, ಅದಕ್ಕೇ ನಾವು ಬೇಕಾಗದು.” ಮೊದಲ ಸಲ ಕೇಳಿದಾಗ ದೊಡ್ಡ ವೇದಾಂತ ಅನ್ನಿಸಿತ್ತು. ನೂರನೇ ಸಲ ಕೇಳಿದಾಗ ತಲೆ ಚಚ್ಚಿಕೊಳ್ಳುವ ಹಾಗಾಗಿತ್ತು.

ಜಗಳೂರಿನ ಅಂಗಡಿ ತೆರೆಯುವ ಮೊದಲು ಅವರು ನ್ಯಾಮತಿಯಲ್ಲಿದ್ದರು. ಆಗ ಗಾಡಿಯಲ್ಲಿ ಸಾಮಾನು ಹಾಕಿಕೊಂಡು ಅವರ ಜೊತೆ ನಾನೂ ಎಷ್ಟೋ ಮನೆಗೆ ಹೋಗಿದ್ದೇನೆ. ಸಾಮಾನು ಇಳಿಸಿ ಬರುವುದು ನನ್ನ ಪದ್ಧತಿ. ಅವರ ಪದ್ಧತಿ ಬೇರೆ. ಮಂಚವಿರಲಿ ಸ್ಟೂಲಿರಲಿ, ಅದು ಇರಬೇಕಾದ ಜಾಗದಲ್ಲಿ ಇಟ್ಟ ಮೇಲೆ ಮನೆಯವರನ್ನು ಕೇಳುವರು: “ಅಂಚಿನ ಮಟ್ಟ ತುಂಬಿದ ಒಂದು ಲೋಟ ನೀರು ತರ್ರಿ.” ಆ ಲೋಟವನ್ನು ಸಾಮಾನಿನ ಮೇಲಿಟ್ಟು, ನಾಲ್ಕೂ ಕಡೆಯಿಂದ ಅಂಗೈ ಕೊಟ್ಟು ಒತ್ತಿ ನೂಕುವರು. ಒಂದು ಹನಿ ತುಳುಕಿದರೂ ಮುಗಿಯಿತು. ಓರೆ ನೆಲದ್ದಾದರೆ ಚಕ್ಕೆ ಕೊಡುವರು, ಓರೆ ಸಾಮಾನಿನದ್ದಾದರೆ ಗಾಡಿಗೆ ವಾಪಸ್ಸು ಏರಿಸುವರು. ತುಳುಕದಿದ್ದರೆ ಆ ನೀರನ್ನು ತಾವೇ ಎತ್ತಿ ಕುಡಿಯುವರು. ಕುಡಿದರೆಂದರೆ ಸಾಮಾನು ಪಾಸು. ಕಾಫಿ ಕೊಟ್ಟರೆ ಬೇಡ, ಮಂಡಕ್ಕಿ ಕೊಟ್ಟರೆ ಬೇಡ, ಆ ನೀರು ಸಾಕು.

“ಕೈಗೆ ತಿಳೀದಿದ್ದು ನೀರಿಗೆ ತಿಳೀತದೆ,” ಎನ್ನುತ್ತಿದ್ದರು. ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೆ ಅಂಗೈಗೆ ಗೊತ್ತಾಗುವುದಿಲ್ಲ, ತುಂಬಿದ ಲೋಟಕ್ಕೆ ಗೊತ್ತಾಗುತ್ತದೆ. ಇದು ನಿಜ. ನಾನೇ ಎಷ್ಟೋ ಸಲ ನೋಡಿದ್ದೇನೆ.

ಆ ಕಾಲದಲ್ಲಿ ಎಲ್ಲರೂ ಎಲ್ಲರ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಸೂರಗೊಂಡನಕೊಪ್ಪದ ಹತ್ತಿರದ ಒಂದು ತಾಂಡಾಕ್ಕೆ ಮಂಚ ಕೊಡಲು ಹೋದಾಗ ಮನೆಯ ಮುದುಕಿ ಲೋಟವನ್ನು ದೂರದಲ್ಲಿಟ್ಟು ಸರಿದು ನಿಂತಳು. ಇವರು ಮಂಚದ ಮೇಲಿಟ್ಟು ಒತ್ತಿ ನೋಡಿ, ಗಟಗಟ ಕುಡಿದು, “ಇನ್ನೊಂದು ಲೋಟ ತಾರವ್ವ, ನೀರು ರುಚಿ ಐತೆ,” ಎಂದರು. ಆಕೆ ಸೆರಗಿನಿಂದ ಲೋಟ ಒರೆಸಿದ್ದು ನನಗೆ ಈಗಲೂ ನೆನಪಿದೆ. ನಾನು ಆ ದಿನ ಬಾಯಾರಿದ್ದರೂ ನೀರು ಮುಟ್ಟಲಿಲ್ಲ. ಬರೆಯಲು ಕೂತ ಮೇಲೆ ಇದನ್ನೂ ಬರೆಯಬೇಕು.

ಜಗಳೂರಿಗೆ ಹೋದ ಮೇಲೆ ಅವರ ಪದ್ಧತಿಗೆ ಪೆಟ್ಟು ಬಿತ್ತು. ಅಲ್ಲಿ ಮೊದಲೇ ನೀರಿನ ಪಡಿಪಾಟಲು. ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ಒಂದು ಬೇಸಿಗೆ ಬಾವಿಗಳು ಬತ್ತಿ, ಇದ್ದೊಂದು ಬೋರಿನ ಮುಂದೆ ಹೆಂಗಸರು ಬೆಳಿಗ್ಗೆಯಿಂದ ಕೊಡ ಸಾಲಿಗಿಟ್ಟು ಕೂರುತ್ತಿದ್ದರು. ಆ ಬೇಸಿಗೆಯಲ್ಲಿ ಹೊನ್ನಾಳಿಗೆ ಬಂದವರು ಹೊಳೆಯ ಸೇತುವೆಯ ಮೇಲೆ ನಿಂತು ತುಂಬ ಹೊತ್ತು ನೀರು ನೋಡಿದರು.

“ಲೋಟ ಇಡೋದು ಬಿಟ್ಟೀನ್ರೀ,” ಎಂದರು.

“ಯಾಕೆ?”

“ಒಂದು ಕೊಡ ನೀರಿಗೆ ಅರ್ಧ ದಿನ ನಿಲ್ತಾರೆ. ತುಂಬಿದ ಲೋಟ ತರ್ರಿ ಅಂತ ಯಾವ ಬಾಯಲ್ಲಿ ಕೇಳಲಿ? ತುಳುಕಿದ್ರೆ ಅದೂ ಹಾಳು. ಕೈಯಾಗೇ ಒತ್ತಿ ನೋಡಿ ಕೊಡ್ತಾ ಇದೀನಿ. ಮಳೆಗಾಲ ಬರಲಿ.”

ಇನ್ನು ನನ್ನ ವಿಷಯ. ಹೊನ್ನಾಳಿಯ ಗೋಡೌನಿನ ಹಿಂದೆಯೇ ನಮ್ಮ ಬಡಗಿಗಳ ಶೆಡ್ಡು. ನಾಲ್ಕೂ ಅಂಗಡಿಯ ಮರದ ಸಾಮಾನು ಅಲ್ಲಿಯೇ ಆಗುತ್ತಿತ್ತು. ಸ್ಟೂಲಿನ ಕಾಲನ್ನು ತೂತಿಗೆ ಕೂರಿಸಿ, ಸರೇಸಿನಿಂದ ಅಂಟಿಸಿ, ಅದು ಒಣಗಿದ ಮೇಲೆ ಅಡ್ಡಲಾಗಿ ಒಂದು ಬಿದಿರಿನ ಬೆಣೆ ಹೊಡೆಯಬೇಕು. ಬೆಣೆ ಇಲ್ಲದ ಸಾಮಾನು ಹೊರಗೆ ಹೋಗಕೂಡದು. ಪ್ರತಿಯೊಂದನ್ನೂ ನೋಡಿ ಅಡಿಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುವುದು ನನ್ನ ಕೆಲಸ.

ಆ ಬೇಸಿಗೆಯಲ್ಲೇ ಒಂದು ಮಧ್ಯಾಹ್ನ ಜಗಳೂರಿನ ಲಾರಿ ಬಂದು ನಿಂತಿತ್ತು. ಆರು ಸ್ಟೂಲು ಹೋಗಬೇಕಿತ್ತು. ಐದು ಸರಿ ಇದ್ದವು. ಆರನೆಯದರ ಒಂದು ಕಾಲಿಗೆ ಬೆಣೆಯ ತೂತು ಕೊರೆದಿತ್ತು, ಬೆಣೆ ಇರಲಿಲ್ಲ. ಬಡಗಿ ಊಟಕ್ಕೆ ಹೋಗಿದ್ದ. ಲಾರಿಯವನು ಹಾರನ್ನು ಹೊಡೆದು ಹೊಡೆದು ತಲೆ ಕೆಡಿಸಿದ. ಸರೇಸು ಹಿಡಿದಿದೆಯಲ್ಲ, ಏನಾದೀತು ಎಂದುಕೊಂಡೆ. ಅರಗಿಗೆ ಮರದ ಪುಡಿ ಕಲೆಸಿ ಆ ತೂತಿಗೆ ಮೆತ್ತಿ, ಮೇಲೆ ವಾರ್ನಿಶ್ ಸವರಿದೆ. ಬೆಣೆ ಹೊಡೆದ ಹಾಗೆಯೇ ಕಾಣುತ್ತಿತ್ತು. ಅಡಿಯಲ್ಲಿ ಗುರುತು ಹಾಕಿ ಲಾರಿಗೆ ಏರಿಸಿದೆ. ಆ ದಿನ ನನಗೇನೂ ಅನ್ನಿಸಲಿಲ್ಲ. ಸಂಜೆ ಮನೆಗೆ ಹೋಗಿ ಚೆನ್ನಾಗಿಯೇ ಉಂಡೆ.

ಆ ಸ್ಟೂಲು ಜಗಳೂರಿನಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳ ಮನೆಗೆ ಹೋಯಿತು. ಇಪ್ಪತ್ತೈದರ ಒಳಗಿನ ವಯಸ್ಸು. ಗಂಡ ಬಿಟ್ಟುಹೋಗಿದ್ದ. ತುಳಿಯುವ ಹೊಲಿಗೆ ಮೆಷಿನ್ನೊಂದೇ ಆಕೆಯ ಆಸ್ತಿ. ಜಗಳೂರಿನವರು ಸ್ಟೂಲನ್ನು ತಾವೇ ಹೊತ್ತು ತಂದು ಮೆಷಿನ್ನಿನ ಮುಂದೆ ಇಟ್ಟು, ಕೈಯಿಂದ ಒತ್ತಿ ನೋಡಿ ಬಂದಿದ್ದರು. ನೀರು ಕೇಳಿರಲಿಲ್ಲ. ನಾಲ್ಕನೆಯ ದಿನ ಆಕೆ ಮೇಲಿನ ಹಲಗೆಯಿಂದ ಬಟ್ಟೆಯ ಗಂಟು ತೆಗೆಯಲು ಅದರ ಮೇಲೆ ಹತ್ತಿದಳು. ಕಾಲು ಕಳಚಿತು. ಬಿದ್ದವಳ ಬಲ ಮಂಡಿ ಹೊಸ್ತಿಲಿನ ಕಲ್ಲಿಗೆ ಬಡಿದು ಒಡೆಯಿತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದರೂ ಆ ಮಂಡಿ ಮತ್ತೆ ಮಡಚಲಿಲ್ಲ. ಮೆಷಿನ್ನು ತುಳಿಯುವ ಕಾಲು ಅದೇ.

ಮಾಲೀಕರು ನನ್ನನ್ನು ಕರೆದುಕೊಂಡು ಜಗಳೂರಿಗೆ ಹೋದರು. ಅಂಗಡಿಯ ಒಳಗೆ ಮೂವರೇ ನಿಂತಿದ್ದೆವು.

“ಗೋಡೌನಿಂದ ಹೋಗುವಾಗ ಸರಿ ಇತ್ತೇನ್ರೀ?” ಎಂದು ಮಾಲೀಕರು ನನ್ನನ್ನು ಕೇಳಿದರು.

“ಸರಿ ಇತ್ತು. ಗುರುತು ಹಾಕಿ ಕಳಿಸೀನಿ,” ಎಂದೆ.

ಜಗಳೂರಿನವರು ನನ್ನ ಮುಖ ನೋಡಿದರು. ಒಂದು ಗಳಿಗೆ ಅಷ್ಟೆ. ನಾನು ಗೋಡೆಗೆ ತೂಗುಹಾಕಿದ್ದ ಬೀಗಗಳನ್ನು ನೋಡುತ್ತ ನಿಂತೆ.

“ಮುರಿದ ಸ್ಟೂಲು ಎಲ್ಲಿ?” ಎಂದರು ಮಾಲೀಕರು.

“ಅದನ್ನ ನೋಡಿ ಏನು ಮಾಡ್ತೀರಿ ಸಾಹುಕಾರ್ರೆ? ನಾನು ನೀರು ಇಟ್ಟು ನೋಡಲಿಲ್ಲ. ನೋಡಿದ್ರೆ ತಿಳೀತಿತ್ತು. ತಪ್ಪು ನನ್ನದು.”

ಮಾಲೀಕರು ಕೆಟ್ಟವರಲ್ಲ, ಆದರೆ ಮುಂಗೋಪಿ. ಜಗಳೂರಿನ ಅಂಗಡಿಗೆ ತಮ್ಮ ತಂಗಿಯ ಮಗನನ್ನು ತಂದು ಕೂರಿಸಿದರು. ಇವರನ್ನು ಮೊಳೆ ತೂಗುವ ತಕ್ಕಡಿಯ ಮುಂದೆ ನಿಲ್ಲಿಸಿದರು. ಗಿರಾಕಿಗಳ ಮನೆಗೆ ಇನ್ನು ಹೋಗಕೂಡದು ಎಂದರು. ಬೇರೆಯವರಿಗೆ ಇದು ಸಣ್ಣ ಶಿಕ್ಷೆ. ಇವರಿಗೆ ಹಾಗಲ್ಲ. ಅಂಗಡಿಯಿಂದ ಮಂಚ ಹೊರಟಾಗಲೆಲ್ಲ ತಕ್ಕಡಿ ಬಿಟ್ಟು ಬಾಗಿಲಿಗೆ ಬಂದು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿರುತ್ತಿದ್ದರಂತೆ.

ನಾನು ಬಾಯಿ ಬಿಡಬಹುದಿತ್ತು. ಮೂರು ಮಕ್ಕಳಿದ್ದವು, ಹೊಟ್ಟೆಪಾಡು, ಇವತ್ತು ಹೇಳೋಣ ನಾಳೆ ಹೇಳೋಣ ಅನ್ನುತ್ತ ವರ್ಷ ಕಳೆಯಿತು. ವರ್ಷ ಕಳೆದ ಮೇಲೆ ಹೇಳುವುದು ಇನ್ನೂ ಕಷ್ಟ. ಹೇಡಿಗೆ ನೆಪ ಹುಡುಕಿಕೊಡಬೇಕಾಗಿಲ್ಲ.

ಅಂಗಡಿಗೆ ಸೋಮವಾರ ರಜೆ. ಪ್ರತಿ ಸೋಮವಾರವೂ ಅವರು ಆ ಹೆಣ್ಣುಮಗಳ ಮನೆಗೆ ಹೋಗುತ್ತಿದ್ದರು. ಮೆಷಿನ್ನಿನ ತುಳಿಯುವ ಭಾಗ ಬಿಚ್ಚಿ ತೆಗೆದು, ಕೈಯಲ್ಲಿ ತಿರುಗಿಸುವ ಹಿಡಿ ಕೂರಿಸಿದರು. ನೆಲದ ಮೇಲೆ ಕಾಲು ಚಾಚಿಕೊಂಡು ಹೊಲಿಯಲು ಅನುಕೂಲವಾಗುವಂತೆ ಗಿಡ್ಡ ಹಲಗೆ ಮಾಡಿದರು. ಗೋಡೆಯ ಹಲಗೆಯನ್ನೆಲ್ಲ ಕೈಗೆಟಕುವ ಎತ್ತರಕ್ಕೆ ಇಳಿಸಿದರು. ಒಮ್ಮೆ ನಾನು ಜಗಳೂರಿಗೆ ಹೋದದ್ದು ಸೋಮವಾರವೇ ಆಗಿ, ತಪ್ಪಿಸಿಕೊಳ್ಳಲಾಗದೆ ಅವರ ಹಿಂದೆ ಹೋಗಿ ಬಾಗಿಲ ಹೊರಗೆ ನಿಂತಿದ್ದೆ. ಒಳಗಿನ ಮಾತು ಕೇಳಿಸುತ್ತಿತ್ತು.

“ವಾರವಾರ ಯಾಕೆ ಬರ್ತೀ ಅಣ್ಣಾ? ಸ್ಟೂಲು ಮುರೀತು, ನಾನು ಬಿದ್ದೆ. ನೀನೇನು ಮಾಡಾಕೆ ಆಗ್ತಿತ್ತು?”

“ಒಂದು ಲೋಟ ನೀರು ಕೇಳಬೇಕಿತ್ತು ತಂಗಿ.”

ದಾರಿಯಲ್ಲಿ ಬರುವಾಗ ಅವರು ನನ್ನೊಡನೆ ಮಳೆಯ ವಿಷಯ ಮಾತಾಡಿದರು. ನಾನು ಹೂಂ ಹೂಂ ಎಂದೆ.

ಆಮೇಲೆ ಕಾಲ ಬದಲಾಯಿತು. ಮಡಚುವ ಕಬ್ಬಿಣದ ಕುರ್ಚಿ ಬಂತು, ಕಬ್ಬಿಣದ ಮಂಚ ಬಂತು. ಮಾಲೀಕರು ಹಾಸಿಗೆ ಹಿಡಿದರು. ಗಂಡುಮಕ್ಕಳಿಗೆ ಮರದ ವ್ಯಾಪಾರದಲ್ಲಿ ಮನಸ್ಸಿರಲಿಲ್ಲ. ಮೊದಲು ನ್ಯಾಮತಿಯ ಅಂಗಡಿ ಮುಚ್ಚಿತು. ಮಾರಾಟವಾಗದೆ ಉಳಿದ ಸಾಮಾನನ್ನು ಚನ್ನಗಿರಿಗೆ ಸಾಗಿಸಿದೆವು. ಆಗ ಜಗಳೂರಿನವರು, “ಇನ್ನು ಮೂರು ಕಾಲು. ಎಲ್ಲಿಟ್ರೂ ನಿಲ್ತೀವಿ ಬಿಡ್ರಿ,” ಎಂದು ನಕ್ಕಿದ್ದರು. ಎರಡು ವರ್ಷಕ್ಕೆ ಚನ್ನಗಿರಿಯೂ ಹೋಯಿತು. ಬಾಗಿಲು ಮುಚ್ಚಿದ ಮಾರನೆಯ ವಾರ ಉಬ್ರಾಣಿಯ ರೈತರೊಬ್ಬರು ಕಾಲು ಸಡಿಲವಾದ ಕುರ್ಚಿಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೊನ್ನಾಳಿಗೆ ಬಂದರು.

“ಚನ್ನಗಿರೀಲಿ ಬೀಗ ಐತಲ್ರೀ. ಇಲ್ಲಾದ್ರೂ ಮಾಡಿಕೊಡ್ತೀರೋ ಇಲ್ಲೋ?” ಎಂದರು. ಮಾಡಿಕೊಟ್ಟೆವು. ಜಗಳೂರಿನವರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. “ಎರಡು ಕಾಲಿನ ಸಾಮಾನು ಅಂದ್ರೆ ಏಣಿ. ಗೋಡೆ ಇರೋವರೆಗೂ ನಿಲ್ತದೆ,” ಎಂದರು.

ಹೊನ್ನಾಳಿಯ ಶೆಡ್ಡಿನ ಗರಗಸಗಳು ನಿಂತ ದಿನ ಉಳಿದಿದ್ದನ್ನೆಲ್ಲ ಲಾರಿಗೆ ತುಂಬಿಸಿ ನಾನೇ ಜಗಳೂರಿಗೆ ಹೋದೆ. ನಾಲ್ಕು ಊರಿನವರೂ ಬೇಡವೆಂದು ಬಿಟ್ಟ ಕುರ್ಚಿ ಮೇಜುಗಳೆಲ್ಲ ಆ ಒಂದು ಅಂಗಡಿಯಲ್ಲಿ ಒಂದರ ಮೇಲೊಂದು ಕೂತಿದ್ದವು. ಎಂಟು ದಿನ ಸಿಕ್ಕಿದ ಬೆಲೆಗೆ ಮಾರಿದೆವು. ಎದುರಿನ ಪಾತ್ರೆ ಅಂಗಡಿಯವನು ಆಗಲೇ ಪ್ಲಾಸ್ಟಿಕ್ ಕುರ್ಚಿ ತರಿಸಿ ಒಂದರೊಳಗೊಂದು ಪೇರಿಸಿ ಇಟ್ಟಿದ್ದ. ಜಗಳೂರಿನವರು ರಸ್ತೆ ದಾಟಿ ಹೋಗಿ ಒಂದನ್ನು ಎತ್ತಿ ನೋಡಿದರು. “ಇದು ಮುರಿದ್ರೆ ಯಾವ ಊರಿಗೆ ತಗೊಂಡು ಹೋಗಬೇಕಪ್ಪ?” ಎಂದು ಅವನನ್ನು ಕೇಳಿದರು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಬೋರ್ಡು ಇಳಿಸಿದ್ದು ನಾವಿಬ್ಬರೇ. ಅವರು ಏಣಿಯ ಮೇಲೆ, ನಾನು ಕೆಳಗೆ. ಕೆಳಗಿನಿಂದ, ಅವರ ಮುಖ ಕಾಣದ ಧೈರ್ಯದಿಂದ ಕೇಳಿದೆ. “ಆ ಮುರಿದ ಸ್ಟೂಲು ಏನಾಯ್ತು?”

ಅವರು ಬೋರ್ಡಿನ ಒಂದು ಮೊಳೆ ಕಿತ್ತು ಜೇಬಿಗೆ ಹಾಕಿಕೊಂಡರು. ಆಮೇಲೆ, “ಒಲೆಗೆ ಹೋಯ್ತು ಬಿಡ್ರಿ,” ಎಂದರು.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನಾಚಿಕೆಗೆಟ್ಟ ಮಾತು, ಆದರೆ ಇಳಿದದ್ದು ನಿಜ. ಬಸ್ಸು ಹತ್ತಿಸುವಾಗ ಅವರು ಕಿಟಕಿಯ ಸರಳು ಹಿಡಿದುಕೊಂಡು, “ಒಂದ್ಸಲ ಮನೆಗೆ ಬರ್ರಿ ಹೊನ್ನಾಳಿಯೋರೆ. ಬರಲೇಬೇಕು,” ಎಂದರು. ಬರ್ತೀನಿ ಎಂದೆ. ನಾನು ಶಿವಮೊಗ್ಗದ ಅಕ್ಕಿ ಗಿರಣಿಯೊಂದನ್ನು ಸೇರಿಕೊಂಡೆ. ಹಬ್ಬಕ್ಕೊಂದು ಕಾರ್ಡು ಬರೆಯುತ್ತಿದ್ದರು. ಎಲ್ಲದರ ಕೊನೆಯಲ್ಲೂ ಅದೇ ಸಾಲು: ‘ಒಂದು ಸಲ ಬನ್ನಿ.’ ದಾವಣಗೆರೆಯವರೆಗೆ ಎಷ್ಟೋ ಸಲ ಹೋದೆ. ಅಲ್ಲಿಂದ ಜಗಳೂರಿನ ಬಸ್ಸು ಹತ್ತಲಿಲ್ಲ.

ಹೋದ ತಿಂಗಳು ಹತ್ತಿದೆ.

ಅವರ ಹೆಂಡತಿ ನನ್ನನ್ನು ಅದಕ್ಕೆ ಮೊದಲು ನೋಡಿದವರಲ್ಲ. ಬಾಗಿಲಲ್ಲಿ ನಿಂತು, “ಹೊನ್ನಾಳಿಯೋನು ಅಕ್ಕಾ,” ಎಂದೆ. ಆಕೆ ಅಳಲಿಲ್ಲ. ನನ್ನನ್ನು ದಿಟ್ಟಿಸಿ ನೋಡಿ, “ಬಂದ್ರಾ? ಅವರು ಇರುವಾಗ ಬರಬೇಕಿತ್ತು ಅಣ್ಣಾರೆ,” ಎಂದು ಒಳಗೆ ಹೋಗಿ ಒಂದು ಸ್ಟೂಲನ್ನು ತಂದು ನನ್ನ ಮುಂದೆ ಇಟ್ಟರು.

“ಇದರ ಮೇಲೆ ಕೂತ್ಕಳ್ರಿ. ಮನೇಲಿ ಯಾರನ್ನೂ ಇದರ ಮೇಲೆ ಕೂರಾಕೆ ಬಿಡ್ತಿರಲಿಲ್ಲ. ಹೊನ್ನಾಳಿಯೋರು ಬಂದ್ರೆ ಇದನ್ನೇ ಹಾಕು ಅಂತಿದ್ರು. ‘ಭಯ ಬೀಳಬೇಡ್ರಿ, ಈಗ ಬೆಣೆ ಹೊಡೆದೀನಿ’ ಅಂತ ಹೇಳಬೇಕಂತೆ ನಿಮಗೆ. ಏನು ಬೆಣೆಯೋ, ನನಗೆ ತಿಳೀಲಿಲ್ಲ.”

ಬಗ್ಗಿ ತಿರುಗಿಸಿ ನೋಡಿದೆ. ಒಂದು ಕಾಲಿನ ಮೇಲ್ಗಡೆ ಸುತ್ತಲೂ ಹಳೆಯ ಅರಗಿನ ಕಲೆ. ಅದರ ನಡುವೆ ಹೊಸದಾಗಿ ಹೊಡೆದ ಬಿದಿರಿನ ಬೆಣೆ. ಅಡಿಯಲ್ಲಿ ನನ್ನ ಸೀಮೆಸುಣ್ಣದ ಗುರುತು ಅಳಿಸಿಹೋಗದಂತೆ ಅದರ ಮೇಲೆ ವಾರ್ನಿಶ್ ಬಳಿದಿದ್ದರು. ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಕೂತೆ. ಅದು ಅಲುಗಲಿಲ್ಲ. ಆ ತಾಯಿಯ ಮುಂದೆ ಮುದುಕ ನಾನು ಬಾಯಿಗೆ ವಸ್ತ್ರ ಒತ್ತಿಕೊಂಡು ಅತ್ತೆ. ಅಳು ಸತ್ತವರಿಗಾಗಿಯೋ ನನಗಾಗಿಯೋ ಹೇಳಲಾರೆ.

“ಆ ಹೊಲಿಗೆ ತಂಗಿ ಇದಾಳಾ?” ಎಂದು ಕೇಳಿದೆ.

“ಇದಾಳೆ. ಇಲ್ಲಿಂದ ಮೂರನೇ ಮನೆ.”

ಸ್ಟೂಲನ್ನು ಕೈಯಲ್ಲಿ ಹಿಡಿದುಕೊಂಡು ಹೋದೆ. ಆಕೆ ನಡುಮನೆಯಲ್ಲಿ ಬಲಗಾಲು ಚಾಚಿಕೊಂಡು ಗಿಡ್ಡ ಹಲಗೆಯ ಮುಂದೆ ಹೊಲಿಯುತ್ತ ಕೂತಿದ್ದಳು. ಕೂದಲೆಲ್ಲ ನೆರೆತಿತ್ತು.

“ಯಾರು?” ಎಂದಳು.

“ಹೊನ್ನಾಳಿ ಗೋಡೌನಿನಲ್ಲಿದ್ದೋನು ತಾಯಿ. ಅವತ್ತು ಈ ಸ್ಟೂಲಿಗೆ ಬೆಣೆ ಹೊಡೀದೆ, ಅರಗು ಮೆತ್ತಿ ಕಳಿಸಿದೋನು ನಾನು. ಅಣ್ಣನ ತಪ್ಪು ಏನೂ ಇರಲಿಲ್ಲ.”

ಮೆಷಿನ್ನು ತಿರುಗಿಸುತ್ತಿದ್ದ ಕೈ ನಿಂತಿತು. ಸ್ಟೂಲನ್ನು ನೋಡಿದಳು, ನನ್ನನ್ನು ನೋಡಿದಳು. ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ಹಗುರವಾಗುತ್ತಿತ್ತು. ಗೋಡೆ ಹಿಡಿದು ಎದ್ದು ಅಡಿಗೆಮನೆಗೆ ಹೋದಳು. ಗಡಿಗೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಅಂಚಿನ ಮಟ್ಟ ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮಡಚದ ಕಾಲನ್ನು ಎಳೆದು ಎಳೆದು ಹಾಕುತ್ತ ಬಂದಳು. ಪ್ರತಿ ಹೆಜ್ಜೆಗೂ ನೀರು ತುಳುಕಿ ನೆಲಕ್ಕೆ ಬೀಳುತ್ತಿತ್ತು.

ನನ್ನ ಕೈಗೆ ಬರುವ ಹೊತ್ತಿಗೆ ಲೋಟದಲ್ಲಿ ಅರ್ಧವೂ ಇರಲಿಲ್ಲ.

“ತುಂಬಿಸೇ ತಂದಿದ್ದೆ,” ಎಂದಳು.